ಹಳ್ಳಿಗೆ ಹೋದರೆ ಮಕ್ಕಳು ಒಂಟಿಯಾಗುತ್ತಾರಾ?

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿರುವ ಗೆಳತಿಯೊಬ್ಬರು ಮೊನ್ನೆ ಗುಂಪಿನಲ್ಲಿ ಕೇಳಿದ್ದರು. ಹಳ್ಳಿ ಕಡೆ ಮನೆ ತಗೊಂಡರೆ ಮಕ್ಕಳು ಒಂಟಿಯಾಗುತ್ತಾರಾ, ಇರುವ ಅಷ್ಟಿಷ್ಟು ಕನ್ನಡವೂ ಹೋಗಿಬಿಡುತ್ತಾ ಅಂತ. ನಾವು ರೀಡಿಂಗ್ ಪಟ್ಟಣ ಬಿಟ್ಟು ಚಿಲ್ಟರ್ನ್ಸ್ ಗುಡ್ಡದ ಬುಡದ ಒಂದು ಹಳ್ಳಿಗೆ ಬಂದು ಮೂರು ವರ್ಷ ಆಯಿತು. ವೆಂಡೋವರ್ ಇಲ್ಲಿಗೆ ಹತ್ತಿರ. ಮಗಳಿಗೆ ಈಗ ಒಂಬತ್ತು, ಮಗನಿಗೆ ಐದು. ನಮಗೆ ಆದದ್ದನ್ನು ಹೇಳುತ್ತೇನೆ.

ಕಷ್ಟ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿಗೆ ಒಂದೇ ಅಂಗಡಿ. ಕಾರಿಲ್ಲದೆ ಏನೂ ಆಗುವುದಿಲ್ಲ. ಕರಿಬೇವು ಬೇಕಾದರೆ ದೂರ ಹೋಗಬೇಕು. ಸುತ್ತಮುತ್ತ ಇನ್ನೊಂದು ಕನ್ನಡದ ಮನೆ ಇಲ್ಲ. ಮೊದಲ ಚಳಿಗಾಲದಲ್ಲಿ, ತಪ್ಪು ಮಾಡಿದೆವೇನೋ ಅಂತ ನನಗೆ ತುಂಬಾ ಸಲ ಅನ್ನಿಸಿತ್ತು.

ಬದಲಾದದ್ದು ಮೇ ತಿಂಗಳಲ್ಲಿ. ಒಂದು ರಾತ್ರಿ ಬೇಲಿಯ ಆಚೆ ಏನೋ ಬೊಗಳಲು ಶುರುವಾಯಿತು. ನಾಯಿಯ ಹಾಗೆ ಒಂದೇ ಸಮ ಅಲ್ಲ. ಒಂದು ಸಲ ಬೊಗಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಒಂದು ಸಲ. ಮಕ್ಕಳು ಹೆದರಿ ನಮ್ಮ ಹಾಸಿಗೆಗೆ ಬಂದರು. ನಾನು ಆ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸಾಗರದಲ್ಲಿರುವ ಅಪ್ಪನಿಗೆ ಕಳಿಸಿದೆ. ಬೆಳಿಗ್ಗೆ ಅವರ ಉತ್ತರ ಬಂದಿತ್ತು: "ಅದು ಕಾಡುಕುರಿ ಕಣೇ. ಅಲ್ಲಿಗೆ ಹ್ಯಾಗೆ ಬಂತು?"

ಪಕ್ಕದ ಮನೆಯ ಹಿರಿಯರು ಅದನ್ನು ಮಂಟ್‌ಜಾಕ್ ಅಂದರು. ನಮ್ಮ ಮಲೆನಾಡಿನ ಕಾಡುಕುರಿಯ ಹತ್ತಿರದ ನೆಂಟ, ಚೀನಾ ಕಡೆಯದು. ನೂರು ವರ್ಷಕ್ಕೂ ಹಿಂದೆ ಬೆಡ್‌ಫರ್ಡ್‌ಶೈರ್‌ನ ವೋಬರ್ನ್ ಎಸ್ಟೇಟಿಗೆ ತಂದಿದ್ದರಂತೆ. ಅಲ್ಲಿಂದ ತಪ್ಪಿಸಿಕೊಂಡವು, ಬಿಟ್ಟವು ಎಲ್ಲಾ ಸೇರಿ ಈಗ ದಕ್ಷಿಣ ಇಂಗ್ಲೆಂಡಿನ ತುಂಬಾ ಇವೆ. ನಮ್ಮ ಮೆಂತ್ಯ ಸೊಪ್ಪಿನ ಮಡಿಯನ್ನು ಎರಡೇ ರಾತ್ರಿಯಲ್ಲಿ ಬೋಳು ಮಾಡಿದ್ದು ಅದೇ.

ಮಗಳು ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಳು. ಯಾವ ದಿನ ಏನು ಕಂಡಿತು ಅಂತ ಬರೆಯುವುದು. ಮೊದಲ ಪುಟ ಇಂಗ್ಲಿಷಿನಲ್ಲಿತ್ತು. ಅದರ ಫೋಟೋ ಅಜ್ಜಿಗೆ ಕಳಿಸಿದೆವು. ನನ್ನ ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. "ಪುಟ್ಟಿ, ನಂಗೆ ಓದಕ್ಕಾಗೋ ಹಾಗೆ ಬರಿಯೇ" ಅಂದರು. ಎರಡು ವರ್ಷ ಶನಿವಾರದ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋದರೂ ಒತ್ತಕ್ಷರ ಅಂದರೆ ಮುಖ ತಿರುಗಿಸುತ್ತಿದ್ದ ಹುಡುಗಿ, ಅವತ್ತು ಅಡುಗೆಮನೆಗೆ ಬಂದು "ಅಮ್ಮಾ, ಹದ್ದು ಹೇಗೆ ಬರೀಬೇಕು?" ಅಂತ ಕೇಳಿದಳು. ನನಗೆ ಕಣ್ಣಲ್ಲಿ ನೀರು ಬಂತು.

ಅಲ್ಲಿಯವರೆಗೆ ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳು ನೋಡದೇ ಇದ್ದ ಆನೆ, ನವಿಲು, ಹಲಸಿನ ಮರ. ಕಿಟಕಿಯ ಹೊರಗಿದ್ದದ್ದಕ್ಕೆಲ್ಲ ಇಂಗ್ಲಿಷ್ ಮಾತ್ರ. ಹಾಗಿದ್ದಾಗ ಕನ್ನಡ ಅವಳಿಗೆ ಯಾವುದಕ್ಕೆ ಬೇಕಿತ್ತು, ಹೇಳಿ?

ಕೆಂಪು ಹದ್ದುಗಳ ಬಗ್ಗೆ ಹೇಳಲೇಬೇಕು. ಕವಲು ಬಾಲದ ದೊಡ್ಡ ಹಕ್ಕಿ. ದಿನವೂ ನಮ್ಮ ಮಾಡಿನ ಮೇಲೆ ತೇಲುತ್ತಿರುತ್ತವೆ. ಇವು ಇಂಗ್ಲೆಂಡಿನಲ್ಲಿ ಪೂರ್ತಿ ಅಳಿದುಹೋಗಿದ್ದವು. ವೇಲ್ಸ್‌ನಲ್ಲಿ ಕೆಲವೇ ಜೋಡಿ ಉಳಿದಿದ್ದವು. 1989ರಿಂದ 1994ರ ನಡುವೆ ಸ್ಪೇನಿನಿಂದ ಸುಮಾರು 90 ಹಕ್ಕಿಗಳನ್ನು ತಂದು ಇದೇ ಚಿಲ್ಟರ್ನ್ಸ್‌ನಲ್ಲಿ ಬಿಟ್ಟರು. ಈಗ ಲೆಕ್ಕವಿಲ್ಲದಷ್ಟು ಕಾಣುತ್ತವೆ. ಗೂಡು ಕಟ್ಟುವ ಕಾಲದಲ್ಲಿ ಬಟ್ಟೆ ಚೂರು, ಸಣ್ಣಪುಟ್ಟ ಆಟದ ಸಾಮಾನು ಕೂಡ ಎತ್ತಿಕೊಂಡು ಹೋಗುತ್ತವೆ.

ಇದನ್ನು ಕೇಳಿದ ಮೇಲೆ ಮಗಳು ಒಂದು ಪ್ರಶ್ನೆ ಕೇಳಿದಳು. "ಹದ್ದೂ ಹೊರಗಿನಿಂದ ಬಂತು, ಕಾಡುಕುರಿಯೂ ಹೊರಗಿನಿಂದ ಬಂತು. ಹದ್ದು ಅಂದರೆ ಎಲ್ಲರಿಗೂ ಇಷ್ಟ. ಕಾಡುಕುರಿ ಯಾಕೆ ಬೇಡ?" ಅದೇ ವಾರ ಶಾಲೆಯಲ್ಲಿ ಒಬ್ಬ ಹುಡುಗ ಅವಳನ್ನು "ನಿಜವಾಗಿ ನೀನು ಎಲ್ಲಿಯವಳು" ಅಂತ ಎರಡು ಮೂರು ಸಲ ಕೇಳಿದ್ದ. ಅವಳು ಪ್ರಾಣಿಯ ವಿಷಯ ಮಾತ್ರ ಕೇಳುತ್ತಿಲ್ಲ ಅಂತ ನನಗೆ ಗೊತ್ತಾಯಿತು.

ಏನಾದರೂ ಹೇಳಿ ಸಾಗಹಾಕಲು ಮನಸ್ಸಾಗಲಿಲ್ಲ. ಭಾನುವಾರ ಅವಳನ್ನು ಬ್ಲೂಬೆಲ್ ಅನ್ನುವ ನೀಲಿ ಹೂವಿನ ಕಾಡಿಗೆ ಕರೆದುಕೊಂಡು ಹೋದೆ. ಒಂದು ಕಡೆ ಬೇಲಿ ಹಾಕಿದ್ದರು. ಬೇಲಿಯ ಒಳಗೆ ನೆಲವೆಲ್ಲ ನೀಲಿ, ಎಳೆ ಗಿಡಗಳು ಎದ್ದಿದ್ದವು. ಹೊರಗೆ ಚಿಗುರು ಕಚ್ಚಿ ಹಾಕಿದ ಮೋಟು ಕಾಂಡಗಳು. "ಅದು ಹೊರಗಿನದು ಅಂತ ಬೇಡ ಅನ್ನುತ್ತಿಲ್ಲ, ಮಗಾ. ಇಲ್ಲಿ ಅದನ್ನು ಹಿಡಿದು ತಿನ್ನುವ ಪ್ರಾಣಿ ಇಲ್ಲ. ಅದಕ್ಕೇ ಜಾಸ್ತಿ ಆಗಿ ಕಾಡನ್ನೇ ಮೇಯುತ್ತಿದೆ" ಅಂದೆ. ಅವಳು ತುಂಬಾ ಹೊತ್ತು ನೋಡಿದಳು. ಆಮೇಲೆ, "ನಾವು ಏನನ್ನೂ ಹಾಳು ಮಾಡ್ತಿಲ್ಲ ಅಲ್ವಾ?" ಅಂದಳು. ಇಲ್ಲ ಅಂದೆ. ಮನೆಗೆ ಬಂದು ನೋಟ್‌ಬುಕ್‌ನಲ್ಲಿ ಕಾಡುಕುರಿಯ ಚಿತ್ರ ಬರೆದು ಅಜ್ಜಿಗೆ ಕಳಿಸಿದಳು.

ಮಗನ ಕತೆ ಬೇರೆ. ಅವನಿಗೆ ಹುಳಹುಪ್ಪಟೆ ಬೇಕು. ಕಳೆದ ವರ್ಷ ಕಾಂಪೋಸ್ಟ್ ರಾಶಿಯ ಕೆಳಗೆ ತಾಮ್ರದ ಬಣ್ಣದ ಹಾವಿನಂಥದ್ದೊಂದು ಹೊರಟಿತು. ನಾನು ಕಿರುಚಿ ಅವನನ್ನು ಎಳೆದುಕೊಂಡೆ. ಅದು ಸ್ಲೋ ವರ್ಮ್. ಹಾವಲ್ಲ, ಕಾಲಿಲ್ಲದ ಹಲ್ಲಿ ಜಾತಿ. ನಮ್ಮ ಹಾವುರಾಣಿಯ ಹಾಗೆ ಮೈ ನುಣುಪು, ಏನೂ ಮಾಡುವುದಿಲ್ಲ. ಕಣ್ಣು ಮಿಟುಕಿಸಿದರೆ ಹಾವಲ್ಲ ಅಂತ ತಿಳಿಯಬಹುದು, ಹಾವಿಗೆ ರೆಪ್ಪೆ ಇಲ್ಲ. ಕೊಂದರೆ ಇಲ್ಲಿ ಅಪರಾಧ. ಈ ದೇಶದಲ್ಲಿ ವಿಷದ ಕಾಡುಹಾವು ಅಂದರೆ ಆ್ಯಡರ್ ಒಂದೇ. ಬೆನ್ನ ಮೇಲೆ ಅಂಕುಡೊಂಕು ಪಟ್ಟಿ ಇರುತ್ತದೆ.

ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬೇಡಿ. ಮೇ ಕೊನೆಗೆ ಬ್ಲ್ಯಾಕ್‌ಬರ್ಡ್ ಮರಿಯೊಂದು ಹುಲ್ಲಿನಲ್ಲಿ ಕೂತಿತ್ತು. ಪುಕ್ಕ ಬಂದಿತ್ತು, ಹಾರಲು ಬರುತ್ತಿರಲಿಲ್ಲ. ಪಾಪ ಅಂತ ಡಬ್ಬಿಯಲ್ಲಿಟ್ಟು ಒಳಗೆ ತಂದೆ. ಪಕ್ಕದ ಮನೆಯವರು ನೋಡಿ ತಕ್ಷಣ ಬೇಲಿಯ ಬುಡದಲ್ಲಿ ಬಿಡಿಸಿದರು. ಹತ್ತು ನಿಮಿಷದಲ್ಲಿ ತಾಯಿ ಎರೆಹುಳ ಕಚ್ಚಿಕೊಂಡು ಬಂತು. ಮರಿಗಳು ಹಾಗೆ ನೆಲದಲ್ಲಿ ಕೆಲವು ದಿನ ಕಳೆಯುವುದು ಸಹಜ. ಜಿಂಕೆ ಮರಿಯೂ ಅಷ್ಟೆ. ಹುಲ್ಲಿನಲ್ಲಿ ಒಂದೇ ಮಲಗಿದ್ದರೆ ತಾಯಿ ಬಿಟ್ಟುಹೋಗಿದೆ ಅಂತಲ್ಲ. ಮುಟ್ಟದೆ ಬಂದುಬಿಡಿ.

ಇನ್ನು ಉಣುಗು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಕೈಕಾಲಿಗೆ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಿ ಅಂತ ಕೇಳಿ ಬೆಳೆದವಳು ನಾನು. ಇಲ್ಲಿಯ ಉಣುಗಿನಿಂದ ಬರುವುದು ಬೇರೆ, ಲೈಮ್ ಕಾಯಿಲೆ. ಅದಕ್ಕೆ ಆ್ಯಂಟಿಬಯಾಟಿಕ್ ಇದೆ, ಆದರೆ ಬೇಗ ಗೊತ್ತಾಗಬೇಕು. ಹುಲ್ಲಿನಲ್ಲಿ ಓಡಾಡಿ ಬಂದ ಸಂಜೆ ಮಕ್ಕಳ ಕಿವಿಯ ಹಿಂದೆ, ಮಂಡಿಯ ಹಿಂದೆ, ತೊಡೆಸಂದಿಯಲ್ಲಿ ನೋಡಿ. ಕಚ್ಚಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ಹಿಸುಕದೆ, ನೇರವಾಗಿ ಮೇಲಕ್ಕೆ ಎಳೆಯಿರಿ. ಕಚ್ಚಿಕೊಂಡಿರುವ ಉಣುಗನ್ನು ಸುಡುವುದು, ಅದರ ಮೇಲೆ ಎಣ್ಣೆ ಹಾಕುವುದು ಬೇಡವೇ ಬೇಡ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಗುಂಡಗೆ ಹರಡುವ ಕಲೆ ಕಂಡರೆ ಡಾಕ್ಟರಿಗೆ ತೋರಿಸಿ, ಉಣುಗು ಕಚ್ಚಿತ್ತು ಅಂತ ನೀವೇ ಬಾಯಿಬಿಟ್ಟು ಹೇಳಿ. ನಮ್ಮ ಚರ್ಮದ ಬಣ್ಣದ ಮೇಲೆ ಆ ಕಲೆ ಸುಲಭಕ್ಕೆ ಕಾಣುವುದಿಲ್ಲ. ಬೆಳಕಿನಲ್ಲಿ ನೋಡಬೇಕು.

ನೋಟ್‌ಬುಕ್‌ನಲ್ಲಿ ಈಗ ಎರಡು ಸಾಲು ಇವೆ, ಒಂದು ಸಾಗರ, ಇನ್ನೊಂದು ಇಲ್ಲಿ. ಕಾರಣ ಅಂಬರಗುಬ್ಬಿ. ಚಳಿಗಾಲದಲ್ಲಿ ನಮ್ಮೂರ ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂರುತ್ತವಲ್ಲ, ಅದೇ ಜಾತಿಯ ಹಕ್ಕಿ ಬೇಸಿಗೆಯಲ್ಲಿ ಇಲ್ಲಿಯ ಕುದುರೆ ಲಾಯದಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಅವೇ ಹಕ್ಕಿಗಳಲ್ಲ, ಇಲ್ಲಿಯವು ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬರುತ್ತವೆ. ಆದರೂ ಅಜ್ಜಿ ಫೋನ್ ಮಾಡಿ "ಇಲ್ಲಿ ತಂತಿ ಖಾಲಿ ಆಯ್ತು" ಅಂದರೆ, ಮೊಮ್ಮಗಳು ಲಾಯದ ಬಾಗಿಲಲ್ಲಿ ಕಾಯಲು ಶುರು ಮಾಡುತ್ತಾಳೆ.

ಜೂನ್‌ನಲ್ಲಿ ಅಮ್ಮ ಬರುತ್ತಿದ್ದಾರೆ. ಮಕ್ಕಳ ರಜೆ ಶುರುವಾದ ಮೇಲೆ ಬರಲಿ ಅಂತ ನಾನು ಅಂದುಕೊಂಡಿದ್ದೆ. ಮಗಳು ಒಪ್ಪಲಿಲ್ಲ. ಚರ್ಚಿನ ಗೋಪುರದ ಸುತ್ತ ಸಂಜೆ ಕಿರುಚುತ್ತಾ ಸುತ್ತುವ ಸ್ವಿಫ್ಟ್ ಹಕ್ಕಿಗಳು ಮೇನಲ್ಲಿ ಬಂದು, ಜುಲೈ ಮುಗಿಯುವ ಹೊತ್ತಿಗೆ ಹೊರಟುಬಿಡುತ್ತವೆ. ಅವನ್ನು ಅಜ್ಜಿ ನೋಡಲೇಬೇಕಂತೆ.

ಮಿಲ್ಟನ್ ಕೀನ್ಸ್‌ನಿಂದ ನಮ್ಮೂರು ದೂರವಲ್ಲ. ಮನೆ ನೋಡುವ ಮುಂಚೆ ಒಂದು ಶನಿವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಊಟ ನಮ್ಮಲ್ಲೇ. ಬೇಸಿಗೆಯಲ್ಲಿ ಕತ್ತಲಾಗುವುದು ತಡವಾಗಿ, ಒಂಬತ್ತರವರೆಗೂ ನಡೆದಾಡಬಹುದು. ಮಕ್ಕಳಿಗೆ ಉದ್ದ ಪ್ಯಾಂಟು ಹಾಕಿಸಿ, ಅದನ್ನು ಕಾಲುಚೀಲದೊಳಗೆ ಸಿಕ್ಕಿಸಿ.