ಪದಚರ್ಚೆ: ‘ಡಿಸೈಪಲ್‌ಶಿಪ್’ಗೆ ಫ್ಲೆಕ್ಸಿನ ಮೇಲೆ ಹಾಕಬಹುದಾದ ಕನ್ನಡ ಯಾವುದು?

ಬಳ್ಳಾರಿ, ಕೌಲ್ ಬಜಾರಿನಿಂದ:

ಮಾನ್ಯರೇ, ಬರುವ ಶನಿವಾರ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹಿರಿಯರಿಗೂ ಯುವಜನರಿಗೂ ಒಂದು ತರಬೇತಿ ಇದೆ. ಫ್ಲೆಕ್ಸ್ ಅಂಗಡಿಯವರು ನಾಳೆ ಮಧ್ಯಾಹ್ನದೊಳಗೆ ಮ್ಯಾಟರ್ ಕೊಡಿ ಎಂದಿರುವುದರಿಂದ ಅವಸರದಲ್ಲಿ ಕೇಳುತ್ತಿದ್ದೇನೆ. ಇಂಗ್ಲಿಷ್ ಕರಪತ್ರದಲ್ಲಿರುವ ‘ಲೀಡರ್‌ಶಿಪ್ ಆಂಡ್ ಡಿಸೈಪಲ್‌ಶಿಪ್ ಇನ್ ದ ಮಾಡರ್ನ್ ಚರ್ಚ್’ ಎಂಬುದನ್ನು ‘ಆಧುನಿಕ ಸಭೆಯಲ್ಲಿ ನಾಯಕತ್ವ ಮತ್ತು ಶಿಷ್ಯತ್ವ’ ಎಂದು ಬರೆದುಕೊಂಡಿದ್ದೇನಾದರೂ ಎರಡೂ ಪದಗಳು ಮನಸ್ಸಿಗೆ ಒಪ್ಪುತ್ತಿಲ್ಲ. ನಮ್ಮ ಊರಿನಲ್ಲಿ ‘ನಾಯಕ’ ಎಂದರೆ ಒಂದೋ ಸಮುದಾಯದ ಹೆಸರು, ಇಲ್ಲವೇ ಹುಟ್ಟುಹಬ್ಬದ ದಿನ ಸರ್ಕಲ್ಲಿನಲ್ಲಿ ಕೈಮುಗಿದು ನಿಂತಿರುವ ‘ಯುವ ನಾಯಕ’. ಇನ್ನು ‘ಶಿಷ್ಯತ್ವ’ ಎಂದಾಗ ಯಾರ ಶಿಷ್ಯತ್ವವೆಂದು ಹಿರಿಯರೊಬ್ಬರು ಕೇಳಿಯೇಬಿಟ್ಟರು. ತಿಳಿದವರು ದಯವಿಟ್ಟು ಹೇಳಿ.

ಕೊಪ್ಪಳದಿಂದ:

‘ನಾಯಕತ್ವ’ವನ್ನು ಬಿಡಿ, ‘ಮುಂದಾಳುತನ’ ಇದೆ. ಆದರೆ ‘ಮುಂದಾಳತ್ವ’ ಎಂದು ಮಾತ್ರ ಬರೆಯಬೇಡಿ. ಕನ್ನಡದ ‘ಆಳು’ವಿಗೆ ಸಂಸ್ಕೃತದ ‘ತ್ವ’ವನ್ನು ಅಂಟಿಸುವ ಈ ಚಾಳಿ ಪತ್ರಿಕೆಗಳಿಂದ ಹಬ್ಬಿದ ರೋಗ. ‘ಶಿಷ್ಯ’ವೂ ಎರವಲೇ, ‘ಶಾಸ್’ ಧಾತುವಿನಿಂದ ಬಂದದ್ದು, ಶಾಸನಕ್ಕೆ ಒಳಪಡಬೇಕಾದವನೆಂಬ ನೆರಳು ಅದರ ಮೇಲೆ ಇದ್ದೇ ಇದೆ. ನಮ್ಮ ಹಳೆಯ ಶಿಲಾಶಾಸನಗಳಲ್ಲಿ ಇದಕ್ಕೆ ‘ಗುಡ್ಡ’ ಎಂಬ ಪದವಿದೆ. ಜೈನ ಗುರುಗಳ ಗೃಹಸ್ಥ ಶಿಷ್ಯನು ಗುಡ್ಡ, ಶಿಷ್ಯೆಯು ಗುಡ್ಡಿ. ಪ್ರಭಾಚಂದ್ರ ಸಿದ್ಧಾಂತದೇವರ ಗುಡ್ಡಿ ಶಾಂತಲೆಯನ್ನು ಶ್ರವಣಬೆಳಗೊಳದ ಶಾಸನಗಳಲ್ಲಿ ನೋಡಬಹುದು. ಸನ್ಯಾಸಿಯಾಗದೆ, ಸಂಸಾರದಲ್ಲಿದ್ದುಕೊಂಡೇ ಗುರುವಿನ ಮಾತಿನಂತೆ ನಡೆಯುವವರಿಗೆ ಇದಕ್ಕಿಂತ ತಕ್ಕ ಪದ ಯಾವುದಿದೆ? ಕೊಪಣವೆಂದು ಹೆಸರಾಗಿದ್ದ ನಮ್ಮ ಕೊಪ್ಪಳದಂಥ ಜೈನತೀರ್ಥದ ನೆಲದವರೇ ಇದನ್ನು ಮರೆತರೆ ಇನ್ನಾರು ನೆನೆಯಬೇಕು? ‘ಗುಡ್ಡತನ’ ಎಂದು ಬರೆಯಿರಿ.

ರಾಯಚೂರಿನಿಂದ:

ಬಳ್ಳಾರಿಯಲ್ಲಿ ‘ಗುಡ್ಡತನ’ ಎಂದು ಫ್ಲೆಕ್ಸ್ ಕಟ್ಟಿದರೆ ಜನ ಕೋಟೆಯ ಗುಡ್ಡ ಹತ್ತಲು ಬರುತ್ತಾರೆ. ಈ ಸಲಹೆಯನ್ನು ಇಲ್ಲಿಗೇ ಬಿಡೋಣ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ಬೈಬಲಿನ ಕನ್ನಡ ಅನುವಾದಕ್ಕೆ ಕುಳಿತದ್ದು ಪ್ರಶ್ನೆ ಕೇಳಿದವರ ಊರಿನಲ್ಲಿಯೇ. ಇಂದು ನಮ್ಮ ಬೈಬಲಿನಲ್ಲಿ ಪೇತ್ರ, ಯೋಹಾನರು ಶಿಷ್ಯರು. ಭಾನುವಾರ ಶಾಲೆಯ ಮಗುವಿಗೂ ಅದು ಗೊತ್ತು. ಪದವನ್ನು ಬದಲಿಸುವ ಅಗತ್ಯವಿಲ್ಲ, ಅದಕ್ಕೆ ಅರ್ಥ ತುಂಬುವುದು ಹೇಗೆಂದು ಯೋಚಿಸಬೇಕು. ನಾವು ಮೆಥೊಡಿಸ್ಟರು, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಆರಂಭಿಸಿದ ಪಂಥದವರು. 1742ರಲ್ಲಿ ಬ್ರಿಸ್ಟಲ್ಲಿನಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸಲೆಂದು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ಲೀಡರನನ್ನು ನೇಮಿಸಿ, ವಾರಕ್ಕೆ ತಲಾ ಒಂದು ಪೆನ್ನಿ ವಸೂಲಿಗೆ ಕಳುಹಿಸಿದಾಗ, ಹಾಗೆ ಮನೆಮನೆಗೆ ಹೋದವನಿಗೆ ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಜಗಳ ಎಂಬುದೆಲ್ಲ ಕಣ್ಣಿಗೆ ಬಿತ್ತು. ವಸೂಲಿಯ ಏರ್ಪಾಡೇ ಜಾನ್ ವೆಸ್ಲಿಯ ಕೈಯಲ್ಲಿ ಆತ್ಮಪಾಲನೆಯ ಏರ್ಪಾಡಾಯಿತು. ಆ ಲೀಡರ್ ದೀಕ್ಷೆ ಪಡೆದ ಪಾದ್ರಿಯಲ್ಲ, ಗುಂಪಿನವರಂತೆಯೇ ದುಡಿದು ಉಣ್ಣುವವನು. ಇಂದು ದೀಕ್ಷಾಸ್ನಾನದ ಮುಂಚೆ ಕೆಲವು ವಾರದ ಪಾಠ ಮುಗಿಸಿ, ಪ್ರಮಾಣಪತ್ರ ಹಂಚಿ, ಅದನ್ನೇ ಶಿಷ್ಯತ್ವ ಎನ್ನುತ್ತಿದ್ದೇವೆ. ಪದದ ಕೊರತೆಗಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ.

ಕೊಪ್ಪಳದಿಂದ:

ಚಾಳಿಗೆ ಬಿದ್ದದ್ದೆಲ್ಲ ಸರಿಯೆನ್ನುವುದಾದರೆ ಪದಚರ್ಚೆ ಏಕೆ? ‘ಪಾದ್ರಿ’ ಪೋರ್ಚುಗೀಸಿನದು, ‘ಬಿಷಪ್’ ಮತ್ತು ‘ಅಪೊಸ್ತಲ’ ಗ್ರೀಕಿನವು, ‘ಪಾಸ್ಟರ್’ ಲ್ಯಾಟಿನ್ನಿನದು, ‘ಸಭೆ’ ಸಂಸ್ಕೃತದ್ದು. ಇಡೀ ಆರಾಧನೆಯಲ್ಲಿ ಕನ್ನಡದ್ದೆಂದು ಉಳಿದಿರುವುದು ವಿಭಕ್ತಿ ಪ್ರತ್ಯಯ ಮಾತ್ರವೋ?

ರಾಯಚೂರಿನಿಂದ:

ಹೌದು, ಮತ್ತು ಅಷ್ಟು ಸಾಕು. ತಾವು ದಿನವೂ ಆಡುವ ‘ಕಚೇರಿ’, ‘ತಹಶೀಲ್ದಾರ’, ‘ಜಮೀನು’ಗಳನ್ನು ಮೊದಲು ಅಚ್ಚಗನ್ನಡಕ್ಕೆ ತಿರುಗಿಸಿ ಬನ್ನಿ, ಆಮೇಲೆ ನಮ್ಮ ಆರಾಧನೆಗೆ ಕೈಹಾಕುವಿರಂತೆ.

ಸಿಂಧನೂರಿನಿಂದ:

ಹಿರಿಯರಿಬ್ಬರೂ ಕ್ಷಮಿಸಬೇಕು, ಫ್ಲೆಕ್ಸ್ ನಾಳೆ ಹೋಗಬೇಕಾಗಿದೆ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಶಿಷ್ಯನಿಗಿರುವ ‘ಮಥೇತೇಸ್’ ಎಂಬ ಪದಕ್ಕೆ ಕಲಿಯುವವನೆಂದು ಅರ್ಥ. ಅದು ನಾಲ್ಕು ಸುವಾರ್ತೆಗಳಲ್ಲಿಯೂ ಅಪೊಸ್ತಲರ ಕೃತ್ಯಗಳಲ್ಲಿಯೂ ತುಂಬಿದೆ, ಪೌಲನೇ ಮೊದಲಾದವರು ಸಭೆಗಳಿಗೆ ಬರೆದ ಪತ್ರಗಳಲ್ಲಿ ಒಮ್ಮೆಯೂ ಇಲ್ಲ. ಭಾವನಾಮವಂತೂ ಎಲ್ಲಿಯೂ ಇಲ್ಲ. ಮತ್ತಾಯ 28:19ರಲ್ಲಿ ಇರುವುದು ಕ್ರಿಯಾಪದವೇ. ಆದ್ದರಿಂದ ಭಾವನಾಮಕ್ಕೆ ಜೋತುಬೀಳುವ ಅಗತ್ಯ ಮೂಲದಲ್ಲಿಲ್ಲ, ಅದು ಕರಪತ್ರದ ಇಂಗ್ಲಿಷಿನದು. ಆದರೂ ಭಾವನಾಮ ಬೇಕೇ ಆದರೆ, ಬಳ್ಳಾರಿಯ ಆ ಹಿರಿಯರು ಕೇಳಿದ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಗುರುಮಠಗಳ ಸೀಮೆಯಲ್ಲಿ ‘ಶಿಷ್ಯ’ ಎಂದೊಡನೆ ಎದುರಿಗೆ ಗಾದಿಯ ಮೇಲೆ ಒಬ್ಬ ಗುರು ಇರಲೇಬೇಕು, ಸಭೆಯಲ್ಲಿ ಆ ಗಾದಿಯನ್ನು ಪಾಸ್ಟರ್ ಏರಿಬಿಡುವುದು ಬಲು ಸುಲಭ. ಮತ್ತಾಯ 23ರಲ್ಲಿ, ಬೋಧಕರೆನಿಸಿಕೊಳ್ಳಬೇಡಿರಿ, ನಿಮಗಿರುವ ಬೋಧಕನು ಒಬ್ಬನೇ ಎಂದಿರುವುದು ಇದಕ್ಕಾಗಿಯೇ. 1970ರ ದಶಕದಲ್ಲಿ ಅಮೆರಿಕದ ಫ್ಲೋರಿಡಾದಿಂದ ಹಬ್ಬಿದ ‘ಶೆಫರ್ಡಿಂಗ್’ ಚಳವಳಿಯಲ್ಲಿ ಶಿಷ್ಯತ್ವದ ಹೆಸರಿನಲ್ಲಿಯೇ ಪ್ರತಿಯೊಬ್ಬನನ್ನೂ ಒಬ್ಬ ಪಾಲಕನಿಗೆ ಒಪ್ಪಿಸಿ, ಮದುವೆಗೂ ನೌಕರಿಗೂ ಆತನ ಅಪ್ಪಣೆ ಬೇಕೆನ್ನುವವರೆಗೆ ಹೋದರು. ಕಡೆಗೆ ಅದರ ಮುಂದಾಳುಗಳಲ್ಲಿ ಒಬ್ಬರಾದ ಬಾಬ್ ಮಮ್‌ಫೋರ್ಡ್ 1990ರ ಹೊತ್ತಿಗೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಫಲಕದಲ್ಲಿ ‘ಕ್ರಿಸ್ತನ ಶಿಷ್ಯತ್ವ’ ಎಂದೇ ಇರಲಿ. ಒಂದು ಷಷ್ಠೀ ವಿಭಕ್ತಿಯಿಂದ ಇಷ್ಟು ಕೆಲಸವಾಗುವುದಾದರೆ ಜಾಗ ಉಳಿಸಬೇಡಿ.

‘ಮುಂದಾಳು’ವಿನ ವಿಷಯದಲ್ಲಿ ಮಾತ್ರ ನಾನು ಕೊಪ್ಪಳದವರ ಪಕ್ಷ. ಕನ್ನಡದಲ್ಲಿ ‘ಆಳು’ ಕ್ರಿಯಾಪದವಾದರೆ ಅರಸುತನ, ನಾಮಪದವಾದರೆ ಕೂಲಿಯವನು. ಮೊದಲನೆಯವನಾಗಬೇಕೆನ್ನುವವನು ಎಲ್ಲರಿಗೂ ದಾಸನಾಗಲಿ ಎಂಬ ಮಾರ್ಕ 10ರ ಮಾತಿಗೆ ಇದಕ್ಕಿಂತ ಹತ್ತಿರದ ಪದ ನನಗೆ ತೋಚುವುದಿಲ್ಲ. ‘ನಾಯಕ’, ‘ನಾಯಕಿ’ ಎಂಬ ಲಿಂಗಭೇದದ ತೊಡಕೂ ಅದಕ್ಕಿಲ್ಲ. ದಕ್ಷಿಣ ಭಾರತ ಸಭೆ 2013ರಲ್ಲಿ ಪಕ್ಕದ ನಂದ್ಯಾಲಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ಪರನ್ನಾಗಿ ನೇಮಿಸಿದ ಮೇಲೂ ನಮ್ಮ ಕರಪತ್ರಗಳು ‘ನಾಯಕರು ಮತ್ತು ಅವರ ಪತ್ನಿಯರು’ ಎಂದೇ ಆಹ್ವಾನಿಸುತ್ತಿವೆ.

ಬಳ್ಳಾರಿ, ಕೌಲ್ ಬಜಾರಿನಿಂದ:

ಎಲ್ಲರಿಗೂ ವಂದನೆಗಳು. ‘ಆಧುನಿಕ’ವನ್ನು ತೆಗೆದು ‘ಇಂದಿನ ಸಭೆಯಲ್ಲಿ ಮುಂದಾಳುತನ ಮತ್ತು ಕ್ರಿಸ್ತನ ಶಿಷ್ಯತ್ವ’ ಎಂದು ಕಳುಹಿಸಿದ್ದೇನೆ. ಆಹ್ವಾನದ ಸಾಲಿನಿಂದ ‘ಪತ್ನಿಯರು’ ಕೂಡ ಹೋದರು. ಸಭೆಯ ಹಿರಿಯರಲ್ಲಿ ಹೆಂಗಸರೂ ಇದ್ದಾರೆಂಬುದನ್ನು ಯಾರೂ ನೆನಪಿಸಿರಲಿಲ್ಲ.

ಕೊಪ್ಪಳದಿಂದ:

ಅಂಗಡಿಯವರು ‘ಮುಂದಾಳತ್ವ’ ಎಂದು ತಿದ್ದದಂತೆ ಪ್ರೂಫ್ ನೋಡಿಯೇ ಮುದ್ರಣಕ್ಕೆ ಬಿಡಿ. ‘ಸಭೆ’ಯ ವಿಷಯವನ್ನು ನಾನು ಪ್ರತ್ಯೇಕವಾಗಿ ಬರೆಯುತ್ತೇನೆ.