ಕತಾರ್‌ನಲ್ಲಿರುವ ತಮ್ಮನ ಸಂಬಳ ಯಾವ ದೇಶದ ಲೆಕ್ಕಕ್ಕೆ?

ಪ್ರಶ್ನೆ (ಕಾಪುವಿನಿಂದ): ಸರ್, ಮಗಳಿಗೆ ಕಾಲೇಜಿನಲ್ಲಿ ಏಷ್ಯಾದ ದೇಶಗಳ ಜಿಎನ್‌ಐ (ಒಟ್ಟು ರಾಷ್ಟ್ರೀಯ ಆದಾಯ) ಹೋಲಿಸುವ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಜಿಡಿಪಿ ಅಂದರೆ ದೇಶದೊಳಗಿನ ದುಡಿಮೆ, ಜಿಎನ್‌ಐ ಅಂದರೆ ದೇಶದವರ ದುಡಿಮೆ ಅಂತ ಅವಳ ನೋಟ್ಸಿನಲ್ಲಿ ಉಂಟು. ನನ್ನ ತಮ್ಮ 12 ವರ್ಷದಿಂದ ಕತಾರ್‌ನಲ್ಲಿದ್ದಾನೆ. ತಿಂಗಳು ತಿಂಗಳು ಹಣ ಕಳಿಸುತ್ತಾನೆ. ಅದು ನಮ್ಮ ಜಿಎನ್‌ಐಗೆ ಸೇರಬೇಕಲ್ವಾ? ಊರು ತುಂಬ ಗಲ್ಫಿನವರೇ ಇದ್ದರೂ ಭಾರತದ ಜಿಎನ್‌ಐ ಜಿಡಿಪಿಗಿಂತ ಕಡಿಮೆ ಯಾಕೆ?

ಉತ್ತರ (ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ಉಡುಪಿ): ಸೇರುವುದಿಲ್ಲ ಮಾರಾಯ್ರೆ. ನೋಟ್ಸಿನ ‘ದೇಶದವರು’ ಅನ್ನುವ ಮಾತೇ ದಾರಿ ತಪ್ಪಿಸಿದ್ದು. ಇಲ್ಲಿ ಪಾಸ್‌ಪೋರ್ಟ್ ನೋಡುವುದಿಲ್ಲ, ವಾಸ ನೋಡುತ್ತಾರೆ. ವರ್ಷಕ್ಕಿಂತ ಜಾಸ್ತಿ ಎಲ್ಲಿ ನೆಲೆಸಿದ್ದಾರೋ ಆ ದೇಶದವರು ಅಂತಲೇ ಲೆಕ್ಕ. ನಿಮ್ಮ ತಮ್ಮನ ಸಂಬಳ ಕತಾರ್‌ನ ಜಿಡಿಪಿಗೂ ಸೇರಿತು, ಜಿಎನ್‌ಐಗೂ ಸೇರಿತು. ಮನೆಗೆ ಬರುವ ಹಣಕ್ಕೆ ‘ವರ್ಗಾವಣೆ’ ಅಂತಾರೆ. ಮಗ ಅಮ್ಮನ ಕೈಗೆ ಖರ್ಚಿಗೆ ಕೊಟ್ಟ ಹಾಗೆ. ಅದನ್ನು ಕೂಡಿಸುವ ಲೆಕ್ಕ ಬೇರೆಯೇ ಉಂಟು.

ಹೊರದೇಶದಿಂದ ಜಿಎನ್‌ಐಗೆ ಬರುವುದು ಮುಖ್ಯವಾಗಿ ಬಡ್ಡಿ, ಡಿವಿಡೆಂಡ್, ಲಾಭ. ಹೊರಗಿನಿಂದ ಬಂದದ್ದನ್ನು ಜಿಡಿಪಿಗೆ ಕೂಡಿಸಬೇಕು, ಹೊರಗೆ ಹೋದದ್ದನ್ನು ಕಳೆಯಬೇಕು. ನಮ್ಮಲ್ಲಿ ವಿದೇಶಿ ಕಂಪೆನಿಗಳ ಲಾಭ, ಸಾಲದ ಬಡ್ಡಿ ಅಂತ ಹೋಗುವುದೇ ಹೆಚ್ಚು. ಹಾಗಾಗಿ ಜಿಎನ್‌ಐ ಸ್ವಲ್ಪ ಕೆಳಗೆ. ಕುವೈತ್‌ನದ್ದು ಉಲ್ಟಾ. ಎಣ್ಣೆಯ ದುಡ್ಡನ್ನು 1953ರಿಂದಲೇ ಹೊರದೇಶಗಳಲ್ಲಿ ಹೂಡುತ್ತಾ ಬಂದವರು ಅವರು. ಆ ಗಳಿಕೆ ಮನೆಗೆ ಬರುತ್ತದೆ, ಜಿಎನ್‌ಐ ಮೇಲೆ ನಿಲ್ಲುತ್ತದೆ. ಜಪಾನ್ ಕೂಡ ಹಾಗೇ.

ಇನ್ನೊಬ್ಬರು (ಸುರತ್ಕಲ್‌ನಿಂದ): ನಮ್ಮವರು ಹಡಗಿನಲ್ಲಿ ಇಂಜಿನಿಯರ್. ಕಂಪೆನಿ ಸಿಂಗಾಪುರದ್ದು, ಹಡಗಿನ ಧ್ವಜ ಪನಾಮಾದ್ದು. ಆರು ತಿಂಗಳು ಸಮುದ್ರ, ಮತ್ತೆ ಮನೆ. ಅವರ ಸಂಬಳ ಯಾರಿಗೆ ಸರ್?

ಉತ್ತರ: ಭಾರತಕ್ಕೆ! ಅವರ ಮನೆ ಸುರತ್ಕಲ್‌ನಲ್ಲೇ ಉಂಟಲ್ಲ. ಧ್ವಜ ಯಾವುದಾದರೇನು. ಆ ಸಂಬಳ ನಮ್ಮ ಜಿಡಿಪಿಯಲ್ಲಿ ಇಲ್ಲ, ಜಿಎನ್‌ಐಯಲ್ಲಿ ಉಂಟು. ಒಂದೇ ಓಣಿಯಲ್ಲಿ ಗಲ್ಫಿನವನ ಮನೆ, ಹಡಗಿನವನ ಮನೆ. ಎರಡಕ್ಕೂ ಬರುವುದು ಡಾಲರೇ, ಆದರೆ ಲೆಕ್ಕದ ಪುಸ್ತಕದಲ್ಲಿ ಕಾಲಂ ಬೇರೆ. ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಕೊನೇ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಪ್ರಶ್ನೆ (ಕಾಪು): ಮಗಳು 2023ರ ತಲಾ ಜಿಎನ್‌ಐ ಬರೆದುಕೊಂಡಿದ್ದಾಳೆ. ಭಾರತ ಸುಮಾರು 2,500 ಡಾಲರ್, ಶ್ರೀಲಂಕಾ 3,500, ಚೀನಾ 13,400, ಸಿಂಗಾಪುರ 70,000. ಅಂದರೆ ಸಿಂಗಾಪುರದವರು ನಮಗಿಂತ 28 ಪಟ್ಟು ಚೆನ್ನಾಗಿ ಬದುಕುತ್ತಾರಾ?

ಉತ್ತರ: ಅದು ವಿಶ್ವಬ್ಯಾಂಕಿನ ಅಟ್ಲಾಸ್ ವಿಧಾನದ ಲೆಕ್ಕ. ಡಾಲರ್ ದರ ಒಮ್ಮೆಲೇ ಏರಿಳಿದರೆ ಅಂಕಿ ಕುಣಿಯಬಾರದು ಅಂತ ಮೂರು ವರ್ಷದ ವಿನಿಮಯ ದರದ ಸರಾಸರಿ ಹಿಡಿಯುತ್ತಾರೆ, ಬೆಲೆ ಏರಿಕೆಗೂ ಸರಿಹೊಂದಿಸುತ್ತಾರೆ. ದೇಶಗಳನ್ನು ಬಡ, ಮಧ್ಯಮ, ಶ್ರೀಮಂತ ಅಂತ ಗುಂಪು ಮಾಡಲು ಅದು ಸಾಕು. ಶ್ರೀಲಂಕಾ 2019ರಲ್ಲಿ ಮೇಲ್ಮಧ್ಯಮ ಗುಂಪಿಗೆ ಹತ್ತಿ, ಮರುವರ್ಷವೇ ಇಳಿದದ್ದು ಈ ಅಂಕಿಯಿಂದಲೇ.

ಬದುಕು ನೋಡಬೇಕಾದರೆ ಪಿಪಿಪಿ, ಅಂದರೆ ಕೊಳ್ಳುವ ಶಕ್ತಿಯ ಹೋಲಿಕೆಯ ಕಾಲಂ ಬೇಕು. ಒಂದು ಮಾತು ಕೇಳಲಾ? ನಿಮ್ಮ ತಮ್ಮ ರಜೆಗೆ ಬಂದಾಗ ಹಲ್ಲು ಕಟ್ಟಿಸಿಕೊಳ್ಳುವುದು ಎಲ್ಲಿ?

ಪ್ರಶ್ನೆ (ಕಾಪು): ಮಂಗಳೂರಲ್ಲೇ ಸರ್. ಅಲ್ಲಿ ಬಾಯಿ ತೆರೆದರೇ ಬಿಲ್ಲು ಅಂತಾನೆ 😀

ಉತ್ತರ: ಅದೇ ಪಿಪಿಪಿ. ಅದೇ ಹಲ್ಲು, ಊರಿಗೊಂದು ರೇಟು. ಆ ವ್ಯತ್ಯಾಸ ಸರಿಮಾಡಿದರೆ ಭಾರತ 10,000ದ ಆಸುಪಾಸಿಗೆ ಬರುತ್ತದೆ, ಸಿಂಗಾಪುರದ 28 ಪಟ್ಟು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಮಗಳಿಗೆ ಎರಡೂ ಕಾಲಂ ಹಾಕಲು ಹೇಳಿ, ಆದರೆ ಒಂದೇ ವರ್ಷದ್ದು ಇರಲಿ. ಮತ್ತೆ ಕತಾರ್‌ನ ತಲಾ ಆದಾಯ ಬರೆಯುವಾಗ ಕೆಳಗೊಂದು ಸಾಲು ಸೇರಿಸಲಿ: ಅಲ್ಲಿನ ಜನಸಂಖ್ಯೆಯಲ್ಲಿ ಹೆಚ್ಚಿನವರು ಹೊರಗಿನಿಂದ ದುಡಿಯಲು ಬಂದವರು. ಭಾಗಿಸುವ ತಲೆಗಳಲ್ಲಿ ಅವಳ ಮಾವನದ್ದೂ ಒಂದು.