600 ಓಮ್ ಹೆಡ್‌ಫೋನು, ಹೊಸ ಆಂಪಿಗೆ ಹಾಕಿದ್ರೆ ಸ್ವರ ಒಡೆದು ಬರ್ತದೆ

ಡೊಂಬಿವಲಿ_ಕೇಳುಗ:
ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ಬೇಯರ್‌ಡೈನಾಮಿಕ್ ಡಿಟಿ 880, 600 ಓಮಿನದ್ದು, ಅಂದ್ರೆ ಕರೆಂಟಿಗೆ ತಡೆ ಜಾಸ್ತಿ. ಮೊಬೈಲಲ್ಲಿ ಸೌಂಡ್ ಸಾಕಾಗ್ತಿರ್ಲಿಲ್ಲ ಅಂತ ಭಾವನ ಹತ್ರ ಅಮೆರಿಕದಿಂದ ಆಂಪ್ (ಸೌಂಡ್ ಜೋರು ಮಾಡುವ ಆಂಪ್ಲಿಫೈಯರ್) ತರಿಸಿದ್ದು, ಈಗ ಸೌಂಡ್ ಉಂಟು ಆದ್ರೆ ಕರಕರ ಅಂತ ಒಡೆದೇ ಬರ್ತದೆ, ಭೀಮಸೇನ ಜೋಶಿಯವರ ತಾನ್ ಎಲ್ಲ ಹರಿದ ಸ್ಪೀಕರಲ್ಲಿ ಕೇಳಿದ ಹಾಗೆ. ಕೇಬಲ್ ಬದಲಾಯಿಸಿ ಆಯ್ತು, ಲ್ಯಾಪ್‌ಟಾಪಿಗೆ ಹಾಕಿ ಆಯ್ತು. ಆಂಪ್ ಹೋಯ್ತಾ ಎಂತ?

ಪುಣೆ_ಟ್ಯೂಬ್:
ಆಂಪ್ ಹೋಗಿಲ್ರೀ, ವೋಲ್ಟೇಜ್ ಸಾಲವಲ್ದು. ಈ ಹೆಡ್‌ಫೋನು 1 ಮಿಲಿವ್ಯಾಟಿಗೆ 96 ಡಿಬಿ (ಡೆಸಿಬೆಲ್) ಸೌಂಡ್ ಕೊಡ್ತದ, ಅಷ್ಟಕ್ಕ 0.77 ವೋಲ್ಟ್ ಬೇಕು. ತಾನ್ ಏರಿದಾಗ 110 ಡಿಬಿ ಮುಟ್ಟಬೇಕಂದ್ರ 25 ಮಿಲಿವ್ಯಾಟ್, ಅಂದ್ರ ಹತ್ತತ್ರ 4 ವೋಲ್ಟ್. ದೊಡ್ಡ ಆಂಪ್ ತಗೋರಿ.

ಮಾಟುಂಗಾ_ವಯರ್:
ಬರೀ ಓಮ್ ನೋಡಿ ಯಾಕೆ ಹೆದರಿಸ್ತೀರಾ? ನನ್ನ ಹೈಫೈಮ್ಯಾನ್ ಎಚ್‌ಇ-6 ಬರೀ 50 ಓಮ್, ಆದ್ರೆ 1 ಮಿಲಿವ್ಯಾಟಿಗೆ 83.5 ಡಿಬಿ ಅಷ್ಟೇ, ಅದೇ 110ಕ್ಕೆ 450 ಮಿಲಿವ್ಯಾಟ್ ಕುಡಿಯುತ್ತೆ. ಅದಕ್ಕೆ ಅಂತಾನೇ ಸ್ಪೀಕರ್ ಆಂಪ್ ಇಟ್ಟಿದೀನಿ, ಎಂಥ ಬೇಸ್ ಗೊತ್ತಾ.

ಪುಣೆ_ಟ್ಯೂಬ್:
ಅವರು ಕೇಳಿದ್ದು ನಿಮ್ಮ ಹೆಡ್‌ಫೋನಲ್ರೀ. 600 ಓಮಿಗೆ ಟ್ಯೂಬ್ ಓಟಿಎಲ್ (ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್) ಅಂದ್ರ ಹೇಳಿ ಮಾಡಿಸಿದ ಜೋಡಿ, ನನ್ನ ಮನಿಯಾಗ ಎರಡು ಅದಾವ.

ಮಡಗಾಂವ್_ಸೋಲ್ಡರ್:
ಒಂದ್ನಿಮಿಷ. ವಾಲ್ಯೂಮ್ ಕಮ್ಮಿ ಇಟ್ರೂ ಒಡೀತಿದ್ಯಾ? ಹಾಗಿದ್ರೆ ಪವರ್ ಸಾಲಲ್ಲ ಅನ್ನೋ ಮಾತೇ ಬರಲ್ಲ. ಅಡಾಪ್ಟರ್ ಯಾವುದು ಹಾಕಿದೀರಾ?

ಡೊಂಬಿವಲಿ_ಕೇಳುಗ:
ಹೌದು, ಕಾಲು ಭಾಗ ಇಟ್ರೂ ಹಾಗೇ. ಅಡಾಪ್ಟರ್ ಸರಿಯೇ ಉಂಟು. ಜೊತೆಗೆ ಬಂದದ್ದು 120 ವೋಲ್ಟಿಂದು, ನೋಡದೆ ಇಲ್ಲಿನ 230ಕ್ಕೆ ಹಾಕಿ ಸುಟ್ಟು ಹೋಯ್ತು, ಅದಕ್ಕೆ ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 12 ವೋಲ್ಟಿನ ಹೊಸತು ತಂದೆ, ಪಿನ್ ಸರಿಯಾಗಿ ಕೂತಿದೆ, ಮೀಟರಲ್ಲೂ 12 ತೋರಿಸ್ತದೆ.

ಮಡಗಾಂವ್_ಸೋಲ್ಡರ್:
ಇದನ್ನ ಮೊದ್ಲೇ ಹೇಳ್ಬೇಕಲ್ವಾ! ಈಗ್ಲೇ ಹೆಡ್‌ಫೋನ್ ಕಿತ್ತಿಡಿ, ಆಮೇಲೆ ಮಾತು. ಆಂಪಿನ ಹಿಂದೆ ಅಡಾಪ್ಟರ್ ಪಿನ್ ಹಾಕೋ ತೂತಿನ ಪಕ್ಕ ಏನಿದೆ ನೋಡಿ, ಅಲೆ ತರ ಗೆರೆ ಇದ್ರೆ ಎಸಿ (ದಿಕ್ಕು ಬದಲಾಯಿಸ್ತಾ ಇರೋ ಕರೆಂಟ್), ನೇರ ಗೆರೆ ಕೆಳಗೆ ಚುಕ್ಕಿ ಗೆರೆ ಇದ್ರೆ ಡಿಸಿ (ಒಂದೇ ದಿಕ್ಕಿನದು).

ಡೊಂಬಿವಲಿ_ಕೇಳುಗ:
15 ವೋಲ್ಟ್, ಅಲೆ ಗೆರೆ. ನನ್ನ ಅಡಾಪ್ಟರಲ್ಲಿ ಚುಕ್ಕಿ ಗೆರೆ ಉಂಟು.

ಮಡಗಾಂವ್_ಸೋಲ್ಡರ್:
ಸಿಕ್ತು. ಎಸಿ ಒಳಗೆ ಹೋದ್ರೆ ಒಂದೇ ದಿಕ್ಕಿಗೆ ಕರೆಂಟ್ ಬಿಡೋ ಡಯೋಡುಗಳು ಅದರಿಂದ ಪ್ಲಸ್ ಒಂದು ಮೈನಸ್ ಒಂದು ಎರಡು ಸಪ್ಲೈ ಮಾಡ್ತವೆ. ನೀವು ಡಿಸಿ ಕೊಟ್ರೆ ಒಂದೇ ಕಡೆ ಏಳುತ್ತೆ, ಇನ್ನೊಂದು ಕಡೆ ಸತ್ತಿರುತ್ತೆ, ಅಲೆಯ ಅರ್ಧ ಕತ್ತರಿಸಿ ಹೋಗುತ್ತೆ, ಅದೇ ನಿಮ್ಮ ಕರಕರ. ಅಷ್ಟೇ ಅಲ್ಲ, ಹೆಡ್‌ಫೋನ್ ಜಾಕಿಂದ ಡಿಸಿ ಹೊರಗೆ ಬಂದ್ರೆ ಡ್ರೈವರ್ (ಹೆಡ್‌ಫೋನ್ ಒಳಗಿನ ಸ್ಪೀಕರ್) ಸುಡಬಹುದು. 230 ಇನ್‌ಪುಟ್, 15 ವೋಲ್ಟ್ ಎಸಿ, 1 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಕೇಳಿ ತನ್ನಿ. ಕಿವಿಗೆ ಹಾಕೋಕೆ ಮುಂಚೆ ಜಾಕಲ್ಲಿ ಡಿಸಿ ಅಳೀರಿ, ಕೆಲವೇ ಮಿಲಿವೋಲ್ಟ್ ಇರ್ಬೇಕು.

ಮಾಟುಂಗಾ_ವಯರ್:
ನಾನೂ ಅಡಾಪ್ಟರ್ ಕೇಳೋಣ ಅಂತಿದ್ದೆ.

ಪುಣೆ_ಟ್ಯೂಬ್:
ಕೇಳಿದ್ದು ಕಾಣವಲ್ದು ಬಿಡ್ರಿ.

ಡೊಂಬಿವಲಿ_ಕೇಳುಗ:
ಶನಿವಾರ ಲೋಕಲ್ ಹಿಡಿದು ಹೋಗಿ ತಂದೆ. ಜಾಕಲ್ಲಿ ಮೊದ್ಲು 1.4 ವೋಲ್ಟ್ ಇದ್ದದ್ದು ಈಗ 3 ಮಿಲಿವೋಲ್ಟ್. ಹೆಡ್‌ಫೋನಿಗೆ ಏನೂ ಆಗಿಲ್ಲ, ವಾಲ್ಯೂಮ್ ಅರ್ಧಕ್ಕೇ ಸಾಕು, ತಂಬೂರಿ ತಂತಿ ಒಂದೊಂದೂ ಬೇರೆ ಬೇರೆ ಕೇಳ್ತದೆ. ಸೋಲ್ಡರ್ ಅಣ್ಣ, ದೊಡ್ಡ ಉಪಕಾರ ಆಯ್ತು.

ಪುಣೆ_ಟ್ಯೂಬ್:
ಛಲೋ ಆತು. ಆದ್ರೂ ಒಂದ್ಸಲ ಪುಣೆಗೆ ಬರ್ರಿ, ಅದೇ ಹೆಡ್‌ಫೋನ್ ತಗೊಂಡ್ ಬರ್ರಿ, ಓಟಿಎಲ್ ಮ್ಯಾಲ ಕೇಳೂಣು.